ಕೃಷ್ಣ ಆ್ಯಪ್ ಮತ್ತು ಅಲ್ಲಮ

ಆಷಾಢ ಏಕಾದಶಿಗೆ ಪಂಢರಪುರ ಸೇರಬೇಕಾದ ಆಳಂದಿಯ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನ ತುಕಾರಾಮರ ಪಲ್ಲಕ್ಕಿ ಎರಡೂ ಪುಣೆಯ ಮೂಲಕವೇ ಹೋಗುತ್ತವೆ. ಅವು ಎಲ್ಲಿಗೆ ಬಂದಿವೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ನಮ್ಮ ಹಿಂಜವಡಿಯ ಕಚೇರಿಯವರು ರಜೆ ಹಾಕುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ. ಪಲ್ಲಕ್ಕಿಯ ಜೊತೆ ನಡೆಯುವವರು ನಡೆಯುತ್ತಲೇ ಇದ್ದಾರೆ.

ತಕರಾರಿರುವುದು ಕೃಷ್ಣನ ಹೆಸರಿನಲ್ಲಿ ಉತ್ತರಿಸುವ ಚಾಟ್‌ಬಾಟ್‌ಗಳ ಬಗ್ಗೆ. ಮ್ಯಾನೇಜರ್ ಬೈದರೆ ಏನು ಮಾಡಲಿ ಎಂದು ಪಕ್ಕದ ಮೇಜಿನ ಧಾರವಾಡದ ಹುಡುಗ ಅಂಥದೊಂದು ಆ್ಯಪನ್ನು ಕೇಳಿದ. ತಕ್ಷಣ ನಿಷ್ಕಾಮ ಕರ್ಮದ ಉಪದೇಶ ಬಂತು. (ಮ್ಯಾನೇಜರಿಗೂ ಅದೇ ಬೇಕಾಗಿತ್ತು!) ಇಂಥ ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿ ಮುಂದೆ ಬರಬಹುದಾದ ಪದವನ್ನು ಲೆಕ್ಕಹಾಕಿ ಜೋಡಿಸುತ್ತದೆ, ಕೇಳಿದವರಿಗೆ ಹಿಡಿಸುವಂತೆ ಪಳಗಿರುತ್ತದೆ. ಶರಣರ ಸಂವಾದಗಳನ್ನು ಕಟ್ಟಿಕೊಡುವ 15ನೇ ಶತಮಾನದ ಕೃತಿ ಶೂನ್ಯಸಂಪಾದನೆಯ ಅಲ್ಲಮ ಹಾಗಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಮೊದಲು ಪ್ರಶ್ನೆಗಳಿಂದ ಕೆಣಕುತ್ತಾನೆ, ಗಂಡ ಯಾರೆಂದೂ ಕೇಳುತ್ತಾನೆ. ನಮ್ಮ ಹುಡುಗನಿಗೆ ಬೈಗುಳ ಯಾಕೆ ಬಿತ್ತು ಎಂದು ಆ ಆ್ಯಪ್ ಕೇಳಲೇ ಇಲ್ಲ.