ಆಪರೇಷನ್ ಆದಮೇಲೆ ಕರುಳು ಅಂಟಿಕೊಳ್ಳುವುದು ಹೇಗೆ?

ಹೊಟ್ಟೆಯ ಆಪರೇಷನ್ ಆಗಿ ಹತ್ತು ವರ್ಷವಾದಮೇಲೂ ಡಾಕ್ಟರು "ಒಳಗೆ ಕರುಳು ಅಂಟಿಕೊಂಡಿದೆ" ಅನ್ನುವುದುಂಟು. ಅಂಟಿದ್ದು ಈಚೆಗಲ್ಲ. ಆಪರೇಷನ್ ಆದ ಮೊದಲ ವಾರದಲ್ಲೇ ಅದು ತೀರ್ಮಾನವಾಗಿರುತ್ತದೆ.

ಹೊಟ್ಟೆಯ ಒಳಗೋಡೆ ಮತ್ತು ಕರುಳಿನ ಮೇಲೆ ಪೆರಿಟೋನಿಯಂ ಎಂಬ ತೆಳು ಪೊರೆ ಇದೆ. ಅದರ ಮೇಲ್ಮೈ ಒಂದೇ ಸಾಲು ಜೀವಕೋಶ. ಆಪರೇಷನ್ ವೇಳೆ ಒಣ ಗಾಜ್ ಬಟ್ಟೆ ಉಜ್ಜಿದರೆ, ದೀಪದಡಿ ಕರುಳು ಒಣಗಿದರೆ, ರಕ್ತ ನಿಲ್ಲಿಸಲು ಸುಡುವ ಸಾಧನ ಕಾಟರಿ ತಾಗಿ ಸುಟ್ಟರೆ ಆ ಸಾಲು ಕಿತ್ತುಬರುತ್ತದೆ. ಅಲ್ಲಿಂದ ಒಸರಿದ ದ್ರವ ಕೆಲವೇ ಗಂಟೆಗಳಲ್ಲಿ ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನ್ ಆಗಿ ಹೆಪ್ಪುಗಟ್ಟುತ್ತದೆ. ಗಾಯವಾದ ಎರಡು ಮೈ ಒಂದಕ್ಕೊಂದು ತಾಗಿದರೆ ಈ ಫೈಬ್ರಿನ್ನೇ ಗೋಂದು.

ಗೋಂದು ಕರಗಿಸಲು ದೇಹದಲ್ಲೇ ಏರ್ಪಾಡಿದೆ. ಪೊರೆಯ ಕೋಶಗಳು ಬಿಡುವ ಟಿಪಿಎ ಎಂಬ ಪ್ರೋಟೀನ್, ಪ್ಲಾಸ್ಮಿನ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಪ್ಲಾಸ್ಮಿನ್ ಫೈಬ್ರಿನ್ನನ್ನು ಕತ್ತರಿಸುತ್ತದೆ. ಗಾಯ, ಸೋಂಕು, ರಕ್ತ ಸಾಲದಿರುವುದು ಇವುಗಳಿಂದ ಟಿಪಿಎ ಇಳಿದು, ಅದನ್ನು ತಡೆಯುವ ಪಿಎಐ-1 ಎಂಬ ಇನ್ನೊಂದು ಪ್ರೋಟೀನ್ ಏರುತ್ತದೆ. ಕೆಲವು ದಿನದೊಳಗೆ ಫೈಬ್ರಿನ್ ಕರಗದಿದ್ದರೆ ಗಾಯ ಕೂಡಿಸುವ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳು ನುಗ್ಗಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಣೆಯುತ್ತವೆ. ರಕ್ತನಾಳ, ನರಗಳೂ ಬೆಳೆಯುತ್ತವೆ. ಬದನೆಕಾಯಿ ತಿಂದು ನಂಜಾಗಿ ಅಂಟಿತು ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಚರ್ಮದ ಗಾಯ ಅಂಚಿನಿಂದ ಮುಚ್ಚುತ್ತಾ ಬರುತ್ತದೆ. ಪೆರಿಟೋನಿಯಂ ಹಾಗಲ್ಲ, ಗಾಯದ ಉದ್ದಗಲಕ್ಕೂ ಒಟ್ಟಿಗೆ ಮೂಡುತ್ತದೆ. ಚಿಕ್ಕದಾಗಲಿ ದೊಡ್ಡದಾಗಲಿ ಸುಮಾರು ಒಂದು ವಾರ ಸಾಕು. ಹಾಗಾಗಿ ಹಸಿ ಜಾಗವನ್ನು ಹಾಗೇ ಬಿಡುವುದಕ್ಕಿಂತ ಎಳೆದು ಬಿಗಿಯಾಗಿ ಹೊಲಿಯುವುದೇ ಕೆಟ್ಟದ್ದು: ರಕ್ತ ಸಿಗದಂತಾದ ಅಂಗಾಂಶಕ್ಕೆ ಅಕ್ಕಪಕ್ಕದ್ದು ಬಂದು ಅಂಟುತ್ತದೆ. ಗ್ಲೌಸಿನ ಪುಡಿಯೂ ಅಪರಾಧಿಯೇ. ಅಮೆರಿಕದಲ್ಲಿ ಪುಡಿ ಹಾಕಿದ ಗ್ಲೌಸು 2017ರ ಜನವರಿಯಿಂದ ನಿಷೇಧ. ಅಂಟದಂತೆ ಇಡುವ ಸೆಲ್ಯುಲೋಸ್ ಬಲೆ ಇದೆ, ಆದರೆ ರಕ್ತ ಪೂರ್ತಿ ನಿಂತಿರಬೇಕು. ರಕ್ತದಲ್ಲಿ ನೆನೆದರೆ ಅದೇ ಅಂಟಿಗೆ ದಾರಿ.

ಬಹಳ ಜನರಿಗೆ ಒಳಗೆ ಅಂಟಿದ್ದರಿಂದ ಏನೂ ತೊಂದರೆಯಿಲ್ಲ. ಬರೀ ಹೊಟ್ಟೆನೋವಿಗೆಂದು ಬಿಡಿಸಲು ಆಪರೇಷನ್ ಮಾಡಿದರೆ ಬಿಡಿಸಿದ ಜಾಗದಲ್ಲೇ ಮತ್ತೆ ಅಂಟಬಹುದು. ಸಿಜೇರಿಯನ್ ಆದವರಲ್ಲಿ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿರುವುದುಂಟು. ಮುಂದಿನ ಸಲ ಡಾಕ್ಟರಿಗೆ ಹಳೆಯ ಡಿಸ್ಚಾರ್ಜ್ ಸಮ್ಮರಿ ತೋರಿಸಿ.

ಹೊಟ್ಟೆ ಹಿಂಡಿ ಹಿಂಡಿ ನೋವು, ಹಸಿರು ವಾಂತಿ, ಉಬ್ಬರ, ಗಾಳಿಯೂ ಹೋಗದಿರುವುದು ಕರುಳು ಕಟ್ಟಿದ ಲಕ್ಷಣ. ಆಸ್ಪತ್ರೆಯಲ್ಲಿ ಮೂಗಿನ ಟ್ಯೂಬು, ಡ್ರಿಪ್ ಹಾಕಿ ಸಾಮಾನ್ಯವಾಗಿ 72 ಗಂಟೆಯವರೆಗೆ ಕಾಯುತ್ತಾರೆ. ಹಲವರಿಗೆ ಅಷ್ಟರಲ್ಲೇ ಬಿಡುತ್ತದೆ. ನೋವು ಬಿಡುವಿಲ್ಲದೆ ನಿಂತು ಜ್ವರ ಬಂದರೆ ಕಾಯುವಂತಿಲ್ಲ. ಮಲಬದ್ಧತೆ ಅಂದುಕೊಂಡು ಭೇದಿ ಮಾತ್ರೆ ನುಂಗಬೇಡಿ, ಏನನ್ನೂ ತಿನ್ನದೆ ಹೊರಡಿ.