ಹಳೇ ರಕ್ತ, ಹೊಸ ರಕ್ತ

14 ಮಾರ್ಚ್ 2025, ಶುಕ್ರವಾರ, ರಾತ್ರಿ

ಬ್ಲಡ್ ಬ್ಯಾಂಕ್ ಕೌಂಟರಿನಲ್ಲಿ ಇವತ್ತೂ ಅದೇ ಮಾತು. "ಮೇಡಂ, ಆದಷ್ಟು ಫ್ರೆಶ್ ಬ್ಯಾಗೇ ಕೊಡಿ." ರೋಗಿಯ ಕಡೆಯವರು ಕೇಳಿದರೆ ಸರಿ, ಕೆಲವು ಡಾಕ್ಟರುಗಳೂ ಚೀಟಿಯಲ್ಲಿ ಬರೆದು ಕಳಿಸುತ್ತಾರೆ.

ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕೆಂಪು ಕಣಗಳ ಬ್ಯಾಗನ್ನು ಫ್ರಿಜ್ಜಿನಲ್ಲಿ 42 ದಿನದವರೆಗೂ ಇಡಬಹುದು. ದಿನ ಕಳೆದ ಹಾಗೆ ಕಣಗಳು ಪೆಡಸಾಗುತ್ತವೆ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕೆಲವು ಕಣ ಒಡೆದೇ ಹೋಗುತ್ತವೆ. ಅಂಥ ರಕ್ತ ಕೊಟ್ಟರೆ ತೊಂದರೆ ಜಾಸ್ತಿ ಆಗಬೇಕಲ್ವಾ?

ಆಗಲಿಲ್ಲ. 2016ರಲ್ಲಿ ಬಂದ ಇನ್‌ಫಾರ್ಮ್ ಅಧ್ಯಯನದ ಮುಖ್ಯ ಲೆಕ್ಕದಲ್ಲಿ 20,000ಕ್ಕೂ ಹೆಚ್ಚು ರೋಗಿಗಳಿದ್ದರು. ಒಂದು ಗುಂಪಿಗೆ ಸರಾಸರಿ 13 ದಿನದ ರಕ್ತ, ಇನ್ನೊಂದಕ್ಕೆ ಸುಮಾರು 24 ದಿನದ್ದು. ಸಾವು ಮೊದಲ ಗುಂಪಿನಲ್ಲಿ ಶೇ. 9.1, ಎರಡನೆಯದರಲ್ಲಿ ಶೇ. 8.7. ವ್ಯತ್ಯಾಸ ಇಲ್ಲ ಅಂತಲೇ ಅರ್ಥ. (ನವಜಾತ ಶಿಶುವಿನ ರಕ್ತ ಪೂರ್ತಿ ಬದಲಿಸುವಾಗ ಮಾತ್ರ ನಾವೇ ಹುಡುಕಿ ಹೊಸ ಬ್ಯಾಗ್ ಕೊಡುತ್ತೇವೆ. ಅಲ್ಲಿ ಪೊಟ್ಯಾಸಿಯಂ ಭಯ ನಿಜ.)

ನನ್ನ ಕೇಳಿದರೆ, ಬ್ಯಾಗಿನ ವಯಸ್ಸಿಗಿಂತ ಮೊದಲು ಕೇಳಬೇಕಾದ್ದು ಬ್ಯಾಗು ಬೇಕೇ ಅಂತ. ಮೊದಲೆಲ್ಲ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿದರೆ ರಕ್ತ ಏರಿಸುತ್ತಿದ್ದರು. 1999ರಲ್ಲಿ ಕೆನಡಾದವರು ಐಸಿಯುನ 838 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 7ಕ್ಕೆ ಇಳಿಯುವವರೆಗೆ ಕಾದು ರಕ್ತ ಏರಿಸಿದ ರೋಗಿಗಳಿಗೆ ಅದರಿಂದ ಕೆಡುಕೇನೂ ಆಗಲಿಲ್ಲ. ಎಷ್ಟೋ ಬ್ಯಾಗು ಉಳಿಯಿತು. ವಯಸ್ಸಾದವರಿಗೆ, ಹೃದಯ ಸೋತವರಿಗೆ ಬೇಗ ಬೇಗ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ರಕ್ತಸ್ರಾವ ಇಲ್ಲದಿದ್ದರೆ ಒಂದು ಯೂನಿಟ್ ಕೊಡಿ, ರೋಗಿಯನ್ನು ನೋಡಿ, ಆಮೇಲೆ ಇನ್ನೊಂದರ ಮಾತು.

ಹೃದಯಾಘಾತ ಆದವರ ವಿಷಯ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. 2023ರ ಮಿಂಟ್ ಅಧ್ಯಯನದಲ್ಲಿ 7–8ರವರೆಗೆ ಕಾದವರಲ್ಲಿ ಸಾವು ಅಥವಾ ಮತ್ತೊಂದು ಹೃದಯಾಘಾತ ಶೇ. 16.9; 10ರ ಮೇಲೆ ಇಟ್ಟವರಲ್ಲಿ ಶೇ. 14.5. ಲೆಕ್ಕದ ಪ್ರಕಾರ ಗಟ್ಟಿ ಪುರಾವೆ ಅಲ್ಲ. ಆದರೂ ಅಂಥವರ ಚೀಟಿ ಬಂದರೆ 7ರ ನಿಯಮ ಹಿಡಿದು ನಾನು ಜಗಳಕ್ಕೆ ಹೋಗುವುದಿಲ್ಲ.

ಇವತ್ತು ಜಗಳ ಆಗಿದ್ದು ಬೇರೆ ಕಾರಣಕ್ಕೆ. ವಾರ್ಡಿನಿಂದ ರೋಗಿಯ ಹೆಸರೇ ಬರೆಯದ ರಕ್ತದ ಸ್ಯಾಂಪಲ್ ಟ್ಯೂಬ್ ಬಂತು. "ಅರ್ಜೆಂಟು, ನೀವೇ ಬರ್ಕೊಳ್ಳಿ" ಅಂದರು. ವಾಪಸ್ ಕಳಿಸಿದೆ. ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಹೆಸರು ಬಿದ್ದರೆ ಕ್ರಾಸ್ ಮ್ಯಾಚ್ (ರೋಗಿಯ ರಕ್ತಕ್ಕೂ ಬ್ಯಾಗಿನ ರಕ್ತಕ್ಕೂ ಹೊಂದುತ್ತದೆಯೇ ಅಂತ ನೋಡುವ ಪರೀಕ್ಷೆ) ಎಷ್ಟು ಸರಿ ಮಾಡಿದರೂ ತಪ್ಪು ಗುಂಪಿನ ರಕ್ತ ಹೋಗಿಬಿಡಬಹುದು. ಹಾಸಿಗೆ ಪಕ್ಕದಲ್ಲೇ ಹೆಸರು ಕೇಳಿ ಬರೆದ ಹೊಸ ಸ್ಯಾಂಪಲ್ ಬಂದ ಮೇಲೆಯೇ ಕೆಲಸ ಶುರು ಮಾಡಿದ್ದು.