ಬರೀ ಕೆಂಪು ಹುಡುಕಿದ ವರ್ಷ

ಕಾಲೇಜಿನ ನೆನಪು ಬರೆದುಕೊಡಿ ಅಂತ ಸಂಚಿಕೆಯ ಹುಡುಗರು ಫೋನ್ ಮಾಡಿದಾಗ ನಾನು ಮೊದಲು ತೆಗೆದು ನೋಡಿದ್ದು ಹಳೆಯ ಹಾರ್ಡ್ ಡಿಸ್ಕನ್ನು. ಅದರಲ್ಲಿ 'ಕೆಂಪು' ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಬಿಎಸ್ಸಿ ಕೊನೆಯ ವರ್ಷದ್ದು. 52 ಭಾನುವಾರ, 52 ಫೋಟೋ. ಚಿತ್ರದಲ್ಲಿ ಕಣ್ಣಿಗೆ ಮೊದಲು ಬೀಳುವುದು ಕೆಂಪಾಗಿರಬೇಕು, ಮೈಸೂರು ಬಿಟ್ಟು ಹೊರಗೆ ಹೋಗಬಾರದು. ಇಷ್ಟೇ ನಿಯಮ.

ಯಾಕೆ ಕೆಂಪು ಅಂತ ಆಗ ಎಲ್ಲರೂ ಕೇಳುತ್ತಿದ್ದರು. ಸೋದರಮಾವನ ಕ್ಯಾಮೆರಾ ಕೈಗೆ ಸಿಕ್ಕಿತ್ತು, ಕಂಡಿದ್ದನ್ನೆಲ್ಲ ಕ್ಲಿಕ್ ಮಾಡುತ್ತಿದ್ದೆ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಒಂದು ದಿನ ಅವನ್ನೆಲ್ಲ ತಾಳ್ಮೆಯಿಂದ ನೋಡಿ, "ಎಲ್ಲಾನೂ ನೋಡೋಕೆ ಹೋದ್ರೆ ಏನೂ ಕಾಣಲ್ಲ ಕಣೋ, ಒಂದು ಬಣ್ಣ ಹಿಡ್ಕೋ" ಅಂದರು. ಆಗ ಅವರ ಮೇಜಿನ ಮೇಲೆ, ಹುಳಿಯೋ ಕ್ಷಾರವೋ ಅಂತ ಬಣ್ಣ ಬದಲಿಸಿ ಹೇಳುವ ಕೆಂಪು ಲಿಟ್ಮಸ್ ಕಾಗದ ಇತ್ತು. ಅದನ್ನೇ ಹಿಡಿದೆ.

ಮೊದಲ ಭಾನುವಾರ ದೇವರಾಜ ಮಾರ್ಕೆಟ್‌ಗೆ ಹೋದೆ. ಮೈಸೂರಲ್ಲಿ ಕೆಂಪು ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಅಲ್ಲಿನ ಕುಂಕುಮದ ಅಂಗಡಿ ಅಲ್ವಾ? ತಟ್ಟೆ ತುಂಬ ಗೋಪುರದ ಹಾಗೆ ನಿಲ್ಲಿಸಿದ ಕುಂಕುಮ, ಅದರ ತುದಿ ಎಷ್ಟು ಚೂಪು ಅಂದರೆ ಪಕ್ಕದಲ್ಲಿ ಉಸಿರು ಬಿಡೋಕೂ ಭಯವಾಗುತ್ತಿತ್ತು. ಮೂವತ್ತು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದರೆ ಗೋಪುರವೇ ಇಲ್ಲ. ಚಪ್ಪಟೆಯಾದ ಒಂದು ಕೆಂಪು ಕಲೆ. ಪುಡಿಯ ಕಣ, ಬೆರಳು ತಾಗಿದ ಗೆರೆ, ನೆರಳು, ಯಾವುದೂ ಇಲ್ಲ.

ಸೋಮವಾರ ಮೇಷ್ಟ್ರು ಬೋರ್ಡಿನ ಮೇಲೆ ಚೌಕ ಬರೆದರು. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕುಂಕುಮದಿಂದ ಬರುವುದು ಹೆಚ್ಚುಕಡಿಮೆ ಬರೀ ಕೆಂಪು ಬೆಳಕು. ಮಿಕ್ಕ ಮೂರು ಚುಕ್ಕಿ ಖಾಲಿ ಇರುವುದರಿಂದ ಒಟ್ಟು ಲೆಕ್ಕದಲ್ಲಿ ಕ್ಯಾಮೆರಾಗೆ ಕತ್ತಲೆ ಅನ್ನಿಸುತ್ತದೆ, ಇನ್ನೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ, ಅಷ್ಟರಲ್ಲಿ ಕೆಂಪು ಚುಕ್ಕಿ ತುಂಬಿ ತುಳುಕಿರುತ್ತದೆ. ತುಳುಕಿದ ಮೇಲೆ ವಿವರ ಉಳಿಯುವುದಿಲ್ಲ. ಮುಂದಿನ ವಾರದಿಂದ ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧಕ್ಕೆ, ಇಟ್ಟೆ. ಫೋಟೋದಲ್ಲಿ ಎಷ್ಟು ಬೆಳಕಿದೆ ಅಂತ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಕೆಂಪಿನ ಗೆರೆಯನ್ನೇ ಬೇರೆಯಾಗಿ ನೋಡೋಕೆ ಕಲಿತೆ. ಬಿಸಿಲು ಬಿಟ್ಟು ನೆರಳು ಹುಡುಕಿದೆ. ದಾಸವಾಳದ ಎಸಳಿನ ನರಗಳು ಮೊದಲ ಸಲ ಫೋಟೋದಲ್ಲಿ ಮೂಡಿದ ದಿನ ಅಮ್ಮನನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದು ತೋರಿಸಿದ್ದೆ.

ಕೆಂಪು ಬಸ್ಸು, ಅಂಚೆ ಡಬ್ಬಿ, ಮೇ ತಿಂಗಳ ಗುಲ್‌ಮೊಹರ್ ಎಲ್ಲ ಬೇಗ ಮುಗಿದವು. ಅರಮನೆಯನ್ನು ಎಲ್ಲರೂ ಭಾನುವಾರ ಸಂಜೆ ದೀಪ ಹಾಕಿದ ಮೇಲೆ ಫೋಟೋ ತೆಗೆಯುತ್ತಾರೆ. ಆದರೆ 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ, 1912ಕ್ಕೆ ಮುಗಿಸಿದ ಈ ಅರಮನೆಯ ಗುಮ್ಮಟಗಳು ಹಗಲಲ್ಲಿ ಕೆಂಪು ಅನ್ನುವುದು, ಇಲ್ಲೇ ಹುಟ್ಟಿ ಬೆಳೆದ ನನಗೆ ಸರಿಯಾಗಿ ಕಂಡಿದ್ದು ಆ ವರ್ಷವೇ. ದೀಪ ಹಾಕುವ ಮೊದಲಿನ ಆ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಗುಮ್ಮಟದ ಕೆಂಪು ಮೊದಲು ಕಪ್ಪಾಗುತ್ತದೆ, ಹುಲ್ಲಿನ ಹಸಿರು ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಮಬ್ಬು ಬೆಳಕಲ್ಲಿ ನಮ್ಮ ಕಣ್ಣು ಮೊದಲು ಬಿಟ್ಟುಕೊಡುವುದೇ ಕೆಂಪನ್ನು.

ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ನಾಲ್ಕು ಭಾನುವಾರ ಹೋದೆ. ಹರಕೆ ಹೊತ್ತವರು ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರಲ್ಲ, ಅವರಲ್ಲಿ ಒಬ್ಬರನ್ನು ಕೇಳಿ, ಅವರು ಹೂಂ ಅಂದ ಮೇಲೆ, ನಂದಿಯವರೆಗೂ ಹಿಂದೆ ಹಿಂದೆಯೇ ಹೋದೆ. ಒಂದು ಸಲವೂ ಅವರು ಕ್ಯಾಮೆರಾ ಕಡೆ ನೋಡಲಿಲ್ಲ. ರಾತ್ರಿ ಮಳೆ ಬಂದಿತ್ತು, ಹಿಂದಿನ ದಿನದವರು ಹಚ್ಚಿದ್ದೆಲ್ಲ ತೊಳೆದು ಹೋಗಿತ್ತು, ಆದರೆ ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಸ್ವಲ್ಪ ಸ್ವಲ್ಪ ಕೆಂಪು ಕೂತಿತ್ತು. ಅದರ ಮೇಲೇ ಇವರ ಬೆರಳು. ಆ ಫೋಟೋ ನನಗೆ ಇವತ್ತಿಗೂ ತುಂಬ ಇಷ್ಟ.

ಅಕ್ಕನ ಮಗುವಿನ ನಾಮಕರಣವೂ ಒಂದು ಭಾನುವಾರವೇ ಬಂತು. ಅಜ್ಜಿ ತಟ್ಟೆಯಲ್ಲಿ ಅರಿಶಿನದ ನೀರು ಕಲಸಿ, ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೇಯ್ದರು. ಹಳದಿ ನೀರಿನ ನಡುವಿನಿಂದ ಕೆಂಪು ಹರಡಿಕೊಂಡು ಅಂಚು ಮುಟ್ಟಿತು. ಚಿಕ್ಕಂದಿನಿಂದ ನೋಡಿದ ಓಕುಳಿ, ಆದರೂ ಅದು ಕೆಂಪಾಗುವ ಕ್ಷಣವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಫೋಟೋ ತೋರಿಸಿದಾಗ ಮೇಷ್ಟ್ರು, "ಅರಿಶಿನಾನೂ ಲಿಟ್ಮಸ್ ಇದ್ದಂಗೇ. ನಿಂಬೆಹುಳಿ ಹಾಕು, ವಾಪಸ್ ಹಳದಿಯಾಗತ್ತೆ" ಅಂದರು. ಮಾಡಿ ನೋಡಿದೆ, ಆಯಿತು.

ಇನ್ನು 52ನೆಯದು. ಅದು ನಮ್ಮ ಕಾಲೇಜಿನ ಕಾರಿಡಾರು. ರೆಡ್ ಆಕ್ಸೈಡ್ ನೆಲ ನಿಮಗೆಲ್ಲ ನೆನಪಿದೆಯಲ್ಲ? ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಮಾಡಿದ್ದು, ಏಪ್ರಿಲ್ಲಿನಲ್ಲೂ ತಣ್ಣಗೆ ಇರುತ್ತಿತ್ತು. ಮೂರು ವರ್ಷ ದಿನಾ ತುಳಿದ ಆ ನೆಲ ನನಗೆ ಕೆಂಪು ಅಂತ ಹೊಳೆದದ್ದೇ ಕೊನೆಯ ವಾರ. ಕೆಮಿಸ್ಟ್ರಿ ಲ್ಯಾಬ್ ಬಾಗಿಲ ಮುಂದೆ, ಬೀಗ ತೆಗೆಯುವವರೆಗೂ ಎಲ್ಲರೂ ಕಾಯುತ್ತಿದ್ದ ಜಾಗದಲ್ಲಿ, ಎರಡು ಅಡಿಯಷ್ಟು ಕೆಂಪು ಸವೆದು ಬೂದು ಸಿಮೆಂಟ್ ಕಾಣುತ್ತಿತ್ತು. ಅಂಚಿನಲ್ಲಿ ಮಾತ್ರ ಕನ್ನಡಿಯ ಹಾಗೆ ಹೊಳಪು. ನಾನು ಹೊಟ್ಟೆ ಮೇಲೆ ಮಲಗಿ ಫೋಟೋ ತೆಗೆಯುವಾಗ ನೆಲ ಒರೆಸುವ ಆಯಮ್ಮ ಬಕೆಟ್ ಹಿಡಿದು ಬಂದು ನಿಂತರು.

"ಈ ನೆಲದಲ್ಲಿ ಏನೈತೆ ಅಂತ ಫೋಟೋ ತೆಗೀತಿದ್ದೀಯಪ್ಪ?"

"ಕೆಂಪು ಚೆನ್ನಾಗಿದೆ ಆಯಮ್ಮ."

"ದಿನಾ ಒರೆಸಿದ್ರೆ ಕೆಂಪು. ನಾಲ್ಕು ದಿನ ಬಿಟ್ರೆ ಬಿಳಚ್ಕೊಳ್ತದೆ."

ಮೆಟ್ಟಿಲ ಮೇಲಿನ ಬೆರಳು ತಕ್ಷಣ ನೆನಪಾಯಿತು. ವರ್ಷವಿಡೀ ನಾನು ಬಣ್ಣ ಹುಡುಕುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ನನಗೆ ಒಳ್ಳೆಯ ಫೋಟೋ ಸಿಕ್ಕಲ್ಲೆಲ್ಲ ಯಾರದೋ ಕೈ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ಆಯಮ್ಮನ ಅನುಮತಿ ಕೇಳಿ ಅವರ ಕೈ, ಒದ್ದೆ ಬಟ್ಟೆ, ಅದು ಹಾದು ಹೋದ ದಾರಿಯಲ್ಲಿ ಗಾಢವಾಗುತ್ತಿದ್ದ ನೆಲ, ಇಷ್ಟನ್ನು ತೆಗೆದೆ. ಅದೇ ಕೊನೆಯ ಫೋಟೋ.

ಹೋದ ತಿಂಗಳು ಕಾಲೇಜಿಗೆ ಬಂದಿದ್ದೆ. ಕಾರಿಡಾರಿನ ಅರ್ಧಕ್ಕೆ ಬಿಳಿ ಟೈಲ್ಸ್ ಬಂದಿದೆ. ಲ್ಯಾಬ್ ಮುಂದಿನ ತುಂಡು ಇನ್ನೂ ಹಾಗೇ ಇದೆ, ದಯವಿಟ್ಟು ಅದನ್ನು ಹಾಗೇ ಬಿಡಿ. ಬೆಳಗ್ಗೆ ಒಂಬತ್ತರ ಸಮಯ, ಯಾರೋ ಆಗತಾನೇ ಒರೆಸಿ ಹೋಗಿದ್ದರು. ನೆಲ ಇನ್ನೂ ಆರಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯ ಅಂಚಿನಲ್ಲೇ ದಾಟಿದೆ.